ನಾಗಮಂಗಲದಿಂದ ಕೃಷ್ಣರಾಜಪೇಟೆಗೆ: ಓದು ಬಾರದ ನಾಲ್ಕನೇ ಕ್ಲಾಸಿನ ಮಗುವಿಗೆ ಓದು ಕಲಿಸುವ ದಾರಿ

ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಪಾಠ ಮಾಡುವವರಿಗೆಲ್ಲ ಈ ಮಗು ಗೊತ್ತು. ಲಗೋರಿಯಲ್ಲಿ ಎಲ್ಲರಿಗಿಂತ ಮುಂದೆ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ಎಣಿಸಿ ತರುತ್ತದೆ. ಗದ್ದೆಗೆ ನೀರು ಯಾವ ಕಡೆಯಿಂದ ತಿರುಗಿಸಬೇಕು ಅಂತ ನಮಗೇ ಹೇಳಿಕೊಡುತ್ತದೆ. ಕನ್ನಡ ಪುಸ್ತಕ ತೆಗೆದ ಕೂಡಲೇ ಮಾತ್ರ ತಲೆ ತಗ್ಗಿಸಿ ಕೂರುತ್ತದೆ. ನಾಲ್ಕನೇ ಕ್ಲಾಸಿಗೆ ಬಂದಿದ್ದರೂ ಓದಲು ಬರುವುದಿಲ್ಲ.

ಒಂದರಿಂದ ಮೂರನೇ ಕ್ಲಾಸಿನವರೆಗೆ ನಮ್ಮಲ್ಲಿ ನಲಿ-ಕಲಿ ಇದೆ. ಅಂದರೆ ಪ್ರತಿ ಮಗುವೂ ತನ್ನ ವೇಗದಲ್ಲಿ, ಒಂದೊಂದೇ ಮೆಟ್ಟಿಲು ಹತ್ತುತ್ತಾ ಕಲಿಯುವುದು. 1990ರ ದಶಕದ ನಡುವೆ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಅದರಲ್ಲಿ ಒಂದು ದೊಡ್ಡ ಗುಣ ಇದೆ. ಮಗು ಹದಿನೈದು ದಿನ ಜ್ವರ ಬಂದು ಮಲಗಿದ್ದರೂ, ವಾಪಸ್ ಬಂದಾಗ ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೈಲಿಗಲ್ಲಿನಿಂದಲೇ ಮುಂದೆ ಹೋಗಬಹುದು. ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ಆ ಏಣಿ ಇರುವುದಿಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಅರ್ಧ ಏಣಿಯಲ್ಲಿ ನಿಂತಿದ್ದ ಮಗು ಅಲ್ಲೇ ಉಳಿಯುತ್ತದೆ. ಅದು ದಡ್ಡ ಅಲ್ಲ. ಎಲ್ಲಿ ನಿಂತಿದೆ ಅಂತ ಯಾರೂ ನೋಡಿಲ್ಲ, ಅಷ್ಟೇ.

ಆ ಮಗುವಿಗಾಗಿ ನಾನು ಕ್ಲಾಸಿನಲ್ಲಿ ಮಾಡುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಶಿಕ್ಷಕರಿಗೂ ಆಗುತ್ತದೆ, ಮನೆಯಲ್ಲಿ ಮಗುವನ್ನು ಕೂರಿಸಿಕೊಂಡು ಕಲಿಸುವ ಅಕ್ಕ ಅಣ್ಣಂದಿರಿಗೂ ಆಗುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನಾ ಬೇಕು.

ಏಳು ಊರಿನ ಏಣಿ

ಮಂಡ್ಯ ಜಿಲ್ಲೆಯಲ್ಲಿ ಏಳು ತಾಲ್ಲೂಕು. ಅವುಗಳ ಹೆಸರನ್ನು ಓದಲು ಎಷ್ಟು ಕಷ್ಟ ಅನ್ನುವುದರ ಮೇಲೆ ಜೋಡಿಸಿದರೆ ಒಂದು ಏಣಿ ತಾನಾಗಿ ಸಿಗುತ್ತದೆ. ನಾನು ಇದನ್ನು ಒಂದು ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ಕೆಳಗಿನಿಂದ ಮೇಲಕ್ಕೆ ಹೀಗೆ:

ನಾಗಮಂಗಲ
ಪಾಂಡವಪುರ
ಮಳವಳ್ಳಿ
ಮದ್ದೂರು
ಮಂಡ್ಯ
ಶ್ರೀರಂಗಪಟ್ಟಣ
ಕೃಷ್ಣರಾಜಪೇಟೆ

ನಾಗಮಂಗಲದಲ್ಲಿ ಒಂದು ಇಳಿ (ನಾ), ಒಂದು ಸೊನ್ನೆ (ಮಂ). ಬೇರೇನೂ ಇಲ್ಲ. ಪಾಂಡವಪುರದಲ್ಲಿ ಕೊಂಬು (ಪು) ಸೇರುತ್ತದೆ. ಮಳವಳ್ಳಿ, ಮದ್ದೂರು ಎರಡರಲ್ಲೂ ಅದೇ ಅಕ್ಷರಕ್ಕೆ ಅದೇ ಒತ್ತು, ಅಂದರೆ ಸಜಾತಿ ಒತ್ತು. ಮಂಡ್ಯದಲ್ಲಿ ಬೇರೆ ಅಕ್ಷರದ ಒತ್ತು, ಅಂದರೆ ವಿಜಾತಿ ಒತ್ತು. ಶ್ರೀರಂಗಪಟ್ಟಣ ಮೊದಲ ಅಕ್ಷರದಲ್ಲೇ ತಡೆಯುತ್ತದೆ. ಕೃಷ್ಣರಾಜಪೇಟೆಯಲ್ಲಿ ವಟ್ರಸುಳಿ (ಕೃ), ವಿಜಾತಿ ಒತ್ತು (ಷ್ಣ), ಇಳಿ (ರಾ), ಏತ್ವ (ಟೆ) ಎಲ್ಲ ಸೇರಿ ಬರುತ್ತವೆ. ಯಾವ ಊರಿನ ಹೆಸರಿನಲ್ಲಿ ಮಗು ನಿಲ್ಲುತ್ತದೋ ಅಲ್ಲಿಂದ ನಮ್ಮ ಕೆಲಸ ಶುರು.

ಮೊದಲು, ಮಗು ಎಲ್ಲಿದೆ ನೋಡಿ

ಒಂದು ಹಾಳೆಯಲ್ಲಿ ಆರು ಸಾಲು ಬರೆದುಕೊಳ್ಳಿ.

ಮೊದಲ ಸಾಲಿನಲ್ಲಿ ಬಿಡಿ ಅಕ್ಷರಗಳು: ರ, ಮ, ಸ, ಬ, ಕ, ಹ, ತ, ಲ.
ಎರಡನೆಯದು ಗುಣಿತ ಇಲ್ಲದ ಪದಗಳು: ಮರ, ಬಸವ, ನಗರ.
ಮೂರನೆಯದು ಗುಣಿತ ಇರುವ ಪದಗಳು: ಕಾಲು, ಮನೆ, ಗಿಳಿ, ಹೂವು, ಕೋಳಿ.
ನಾಲ್ಕನೆಯದು ಸಜಾತಿ ಒತ್ತು: ಅಮ್ಮ, ಕಬ್ಬು, ಗದ್ದೆ, ಹಳ್ಳಿ, ಎತ್ತು.
ಐದನೆಯದು ವಿಜಾತಿ ಒತ್ತು: ಪುಸ್ತಕ, ಚಂದ್ರ, ಜಾತ್ರೆ, ಸೂರ್ಯ.

ಆರನೆಯದು ಒಂದು ಪುಟ್ಟ ಪ್ಯಾರಾ. ನಾನು ಇಟ್ಟುಕೊಂಡಿರುವುದು ಇದು: ‘ಅಜ್ಜಿ ಬೆಳಿಗ್ಗೆ ಬೇಗ ಎದ್ದಳು. ಹಸುವಿಗೆ ಹುಲ್ಲು ಹಾಕಿದಳು. ಹಾಲು ಕರೆದಳು. ಆಮೇಲೆ ಹಾಲನ್ನು ಡೈರಿಗೆ ಕೊಟ್ಟು ಬಂದಳು.’

ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ. ಬೇರೆ ಮಕ್ಕಳು ಕೇಳುವ ಹಾಗೆ ಬೇಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಒಬ್ಬ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಿದೆ. ಅವನು ಮೂರು ದಿನ ಶಾಲೆಗೇ ಬರಲಿಲ್ಲ. ಆ ಮೂರು ದಿನ ನನಗೆ ಇವತ್ತಿಗೂ ನೆನಪಿದೆ.

ಓದಿಸುವಾಗ ಒಂದು ವಿಷಯ ಗಮನಿಸಿ. ಓದು ಬಾರದ ಮಕ್ಕಳು ಅದನ್ನು ಮುಚ್ಚಿಡುವುದನ್ನು ಚೆನ್ನಾಗಿ ಕಲಿತಿರುತ್ತಾರೆ. ಪಕ್ಕದವರು ಓದಿದ್ದನ್ನು ಕೇಳಿ ಕೇಳಿ ಇಡೀ ಪಾಠ ಬಾಯಿಪಾಠ ಆಗಿರುತ್ತದೆ. ಬಾಯಿ ಗಡಗಡ ಓಡುತ್ತದೆ, ಬೆರಳು ಇನ್ನೂ ಹಿಂದಿನ ಸಾಲಿನಲ್ಲೇ ಇರುತ್ತದೆ. ಅದಕ್ಕೇ ಪಠ್ಯಪುಸ್ತಕದಲ್ಲಿ ಇಲ್ಲದ ಸಾಲುಗಳನ್ನೇ ಕೊಡಿ. ಚಿತ್ರ ಇದ್ದರೆ ಕೈಯಿಂದ ಮುಚ್ಚಿ. ಸಾಲಿನ ನಡುವಿನ ಒಂದು ಪದಕ್ಕೆ ಬೆರಳಿಟ್ಟು ‘ಇದೇನು?’ ಅಂತ ಕೇಳಿ.

ಪ್ಯಾರಾ ಓದಿದ ಮಗುವಿಗೆ ಎರಡು ಪ್ರಶ್ನೆ ಕೇಳಿ. ಹಾಲು ಎಲ್ಲಿಗೆ ಹೋಯಿತು? ಅಜ್ಜಿ ಅಷ್ಟು ಬೇಗ ಏಳುವುದು ಯಾಕೆ? ಎರಡನೆಯದಕ್ಕೆ ಉತ್ತರ ಆ ಸಾಲುಗಳಲ್ಲಿ ಇಲ್ಲ. ಆದರೂ ಹಸು ಇರುವ ಮನೆಯ ಮಗು ತಟ್ಟನೆ ಹೇಳುತ್ತದೆ: ಡೈರಿ ಬಾಗಿಲು ಹಾಕಿಬಿಡ್ತಾರೆ ಅಂತ. ಓದಿದ್ದು ಬರೀ ಬಾಯಿಗೆ ಬಂದಿದೆಯೋ ತಲೆಗೂ ಹೋಗಿದೆಯೋ ಅಂತ ಇದರಲ್ಲಿ ಗೊತ್ತಾಗುತ್ತದೆ.

ನಾನು ಕಂಡ ಹಾಗೆ ಜಾಸ್ತಿ ಮಕ್ಕಳು ನಿಲ್ಲುವುದು ಮೂರನೆಯ ಮತ್ತು ನಾಲ್ಕನೆಯ ಸಾಲಿನ ನಡುವೆ. ಅಕ್ಷರ ಬರುತ್ತದೆ, ಗುಣಿತ ಅರೆಬರೆ, ಒತ್ತು ಬಂದರೆ ಮುಗಿಯಿತು. ಅಂಥ ಮಗುವಿಗೆ ಮತ್ತೆ ಅ ಆ ಇ ಈಯಿಂದ ಶುರು ಮಾಡಿಸುವುದು ಬೇಡ. ಅದರ ಸಮಯ ಹಾಳು, ಮನಸ್ಸಿಗೂ ನೋವು.

ಮಗುವಿನ ಮಾತನ್ನೇ ಬರೆಯಿರಿ

ಇದನ್ನು ಯಾವ ಹಂತದ ಮಗುವಿಗಾದರೂ ಮೊದಲ ದಿನವೇ ಮಾಡಿ. ನಿನ್ನೆ ಮನೆಯಲ್ಲಿ ಏನಾಯ್ತು ಅಂತ ಕೇಳಿ. ಮಗು ಹೇಳುತ್ತದೆ: ‘ನಮ್ಮಪ್ಪ ಕಬ್ಬು ಕಡಿಯಕ್ಕೆ ಓಯ್ತು. ನಾನೂ ಓಗಿದ್ದೆ. ಆವು ಬಂತು.’ ಅದನ್ನು ಅದರ ಕಣ್ಣೆದುರೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಬರೆಯುತ್ತಾ ಒಂದೊಂದು ಪದವನ್ನೂ ಬಾಯಿಬಿಟ್ಟು ಹೇಳಿ. ಆಮೇಲೆ ಬೆರಳಿಟ್ಟು ನೀವು ಓದಿ, ಜೊತೆಗೆ ಅದೂ ಓದಲಿ, ಕೊನೆಗೆ ಅದೊಂದೇ ಓದಲಿ. ತಾನು ಆಡಿದ ಮಾತು ಹಾಳೆಯ ಮೇಲೆ ಬಂತು ಅಂತ ಗೊತ್ತಾದಾಗ ಆ ಮುಖ ನೋಡಬೇಕು!

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ‘ಓಯ್ತು’ ಅಂತ ಬರೆಯಬೇಕಾ, ‘ಹೋದರು’ ಅಂತ ಬರೆಯಬೇಕಾ? ಇದನ್ನು ನಾನು ತುಂಬ ದಿನ ಯೋಚಿಸಿದ್ದೇನೆ. ಈಗ ನಾನು ಪದ ಬದಲಾಯಿಸುವುದಿಲ್ಲ, ಹಕಾರ ಮಾತ್ರ ಹಾಕುತ್ತೇನೆ. ‘ಹೋಯ್ತು’ ಅಂತ ಬರೆಯುತ್ತೇನೆ. ‘ಹೋದರು’ ಅಂತ ಬರೆದರೆ ಅದು ನನ್ನ ವಾಕ್ಯ ಆಗಿಬಿಡುತ್ತದೆ. ಅವನ ಬಾಯಲ್ಲಿ ಬಂದ ಪದ ಹಾಳೆಯ ಮೇಲೆ ಕಾಣದಿದ್ದರೆ ಅವನು ಓದುವುದು ಏನನ್ನು?

ಮೂರ್ನಾಲ್ಕು ವಾರ ಆದ ಮೇಲೆ ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಮನೆಮಾತು, ಬಲಕ್ಕೆ ಪುಸ್ತಕದ ಮಾತು. ಬತ್ತೀನಿ, ಬರುತ್ತೇನೆ. ಓಯ್ತೀನಿ, ಹೋಗುತ್ತೇನೆ. ಎಂಗೆ, ಹೇಗೆ. ಇಸ್ಕೂಲು, ಶಾಲೆ. ಮಕ್ಕಳೇ ಹುಡುಕಿ ತುಂಬಿಸಲಿ. ಎಡಗಡೆಯದು ತಪ್ಪು ಅಂತ ಯಾವತ್ತೂ ಹೇಳಬೇಡಿ. ಅದು ಅವರ ಅಮ್ಮನ ಮಾತು. ಮಂಡ್ಯದ ಮಾತನ್ನು ನಾಲ್ಕು ಜನ ಸಂತೋಷಕ್ಕೆ ಕೇಳುತ್ತಾರೆ. ಅದೇ ಮಾತಿಗೆ ಶಾಲೆಯಲ್ಲಿ ನಗುವುದು ಅನ್ಯಾಯ ಅಲ್ವಾ?

ಅಕ್ಷರ ಬಾರದಿದ್ದರೆ ಹತ್ತರಿಂದ ಶುರು

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. 13 ಸ್ವರ, 2 ಯೋಗವಾಹ, 34 ವ್ಯಂಜನ. ಅಷ್ಟನ್ನೂ ಮುಗಿಸಿ ಆಮೇಲೆ ಪದ ಅಂದರೆ ಮಗುವಿಗೆ ಬೇಜಾರು ಬರುತ್ತದೆ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ ಅನ್ನುವ ಕ್ರಮ ನಮ್ಮ ಶಾಲೆಗಳಲ್ಲಿ ಮೊದಲಿನಿಂದ ಇದೆ. ನನಗೆ ಇದು ತುಂಬ ಇಷ್ಟ. ಯಾಕೆ ಅಂದರೆ ಐದು ಅಕ್ಷರ ಕಲಿತ ದಿನವೇ ಮಗು ಪದ ಓದಬಹುದು. ಸರ, ರಸ, ಅರಸ, ಅಗಸ, ಗರಗಸ, ದಸರ. ಹೌದು, ದಸರ! ಐದೇ ಅಕ್ಷರಕ್ಕೆ ಮಗು ಮೈಸೂರಿಗೆ ಹೋಗಿಬಂದ ಹಾಗಾಯ್ತು.

ಹತ್ತು ಅಕ್ಷರ ಆದಾಗ ಸಣ್ಣ ಸಾಲುಗಳನ್ನೇ ಓದಿಸಬಹುದು. ‘ಅರಸನ ಮಗ.’ ‘ನಗರದ ಜನ.’ ‘ಬಸವನ ಸರ.’ ರಟ್ಟಿನ ಚೂರುಗಳಲ್ಲಿ ಹತ್ತು ಅಕ್ಷರ ಬರೆದು ಕೊಡಿ. ಎಷ್ಟು ಪದ ಮಾಡ್ತೀಯ ಅಂತ ಕೇಳಿ. ಅರ್ಥ ಇಲ್ಲದ ಪದ ಮಾಡಿದರೆ ‘ಅಂದ್ರೇನು ಮಗಾ?’ ಅಂತ ಕೇಳಿ, ಅಷ್ಟೇ. ಅದೇ ನಗುತ್ತಾ ತೆಗೆದುಬಿಡುತ್ತದೆ.

ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಬೇಡಿ. ವ ಮತ್ತು ಮ, ನ ಮತ್ತು ಸ, ರ ಮತ್ತು ಠ, ಪ ಮತ್ತು ಷ. ಒಂದು ಗಟ್ಟಿಯಾಗಲಿ, ಆಮೇಲೆ ಇನ್ನೊಂದು. ಮಹಾಪ್ರಾಣಗಳನ್ನು ಕೊನೆಗೆ ಇಟ್ಟುಕೊಳ್ಳಿ.

ಇಳಿ, ಗುಡಿಸು, ಕೊಂಬು

ಕಾಗುಣಿತವನ್ನು ಹಾಡಿನ ಹಾಗೆ ಹೇಳುವ ಮಕ್ಕಳು ಬೇಕಾದಷ್ಟು ಇದ್ದಾರೆ. ಕ ಕಾ ಕಿ ಕೀ ಕು ಕೂ ಅಂತ ಉಸಿರು ಬಿಡದೆ ಹೇಳುತ್ತಾರೆ. ನಡುವೆ ಕೆ ತೋರಿಸಿ ಇದೇನು ಅಂದರೆ ಮತ್ತೆ ಮೊದಲಿನಿಂದ ಹಾಡಿಕೊಂಡು ಬರಬೇಕು.

ನಮ್ಮ ಅಜ್ಜ ಅಜ್ಜಿಯರು ಕಲಿತ ರೀತಿ ಇದಕ್ಕಿಂತ ಚೆನ್ನಾಗಿತ್ತು. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು. ಇದರಲ್ಲಿ ಪ್ರತಿ ಗುರುತಿಗೂ ಒಂದು ಹೆಸರಿದೆ. ಹೆಸರಿದ್ದರೆ ಮಗು ಅದನ್ನು ಹುಡುಕುತ್ತದೆ. ‘ಈ ಪುಟದಲ್ಲಿ ಎಲ್ಲೆಲ್ಲಿ ಗುಡಿಸು ಇದೆ, ಸುತ್ತು ಹಾಕು’ ಅಂತ ಹೇಳಬಹುದು. ಹೆಸರೇ ಇಲ್ಲದಿದ್ದರೆ ಏನಂತ ಕೇಳುವುದು? ಮನೆಯಲ್ಲಿ ಓದಿದ ಅಜ್ಜಿ ತಾತ ಇದ್ದರೆ ಅವರ ಬಾಯಿಂದಲೇ ಇದನ್ನು ಕೇಳಿಕೊಂಡು ಬರಲು ಹೇಳಿ.

ಕಲಿಸುವುದು ಹೀಗೆ. ಎರಡು ಮೂರು ದಿನಕ್ಕೆ ಒಂದು ಗುರುತು. ಒಂದು ಅಕ್ಷರಕ್ಕೆ ಎಲ್ಲ ಗುರುತು ಹಾಕುವುದಲ್ಲ. ಒಂದೇ ಗುರುತನ್ನು ಗೊತ್ತಿರುವ ಎಲ್ಲ ಅಕ್ಷರಕ್ಕೂ ಹಾಕುವುದು. ಇಳಿ ಕಲಿಸುವ ದಿನ ಕಾ, ಗಾ, ದಾ, ನಾ, ಮಾ, ಸಾ. ಪದಗಳು ದಾರ, ಮಾವ, ಜಾಗ, ನಾಗ. ಸೊನ್ನೆ ಕಲಿತ ದಿನ ರಂಗ, ಬಂದ. ಅವತ್ತೇ ಲ ಒಂದನ್ನು ಸೇರಿಸಿ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ. ಮಗು ನಾಗಮಂಗಲ ಓದುತ್ತದೆ. ಮೊದಲ ಊರು ಸಿಕ್ಕಿತು.

ಗುಣಿತದಲ್ಲಿ ಕೆಲವು ಕಡೆ ಮಕ್ಕಳು ಎಡವುವುದು ನ್ಯಾಯವೇ. ಕು, ಗು, ನುಗಳಲ್ಲಿ ಕೊಂಬು ಪಕ್ಕದಲ್ಲಿದೆ. ಪು, ವುಗಳಲ್ಲಿ ಕೆಳಗಿದೆ. ಇದನ್ನು ಬಾಯಿಬಿಟ್ಟು ಹೇಳಿಕೊಡಿ. ವ ಪಕ್ಕಕ್ಕೆ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ, ಅದಕ್ಕೇ ಕೆಳಗೆ ಹಾಕ್ತೀವಿ ಅಂತ ಹೇಳಿದರೆ ಮಗು ಮರೆಯುವುದಿಲ್ಲ. ಮಿ, ಯಿಗಳಲ್ಲಿ ಗುಡಿಸು ಅಕ್ಷರದ ಕೊನೆಯಲ್ಲಿ ಇಲ್ಲ, ನಡುವೆ ಇದೆ. ಅದನ್ನೂ ತೋರಿಸಿ. ಇಂಥ ಸಣ್ಣ ವಿಷಯಗಳನ್ನು ಯಾರೂ ಹೇಳಿಕೊಡದೆ ಸುಮ್ನೆ ‘ನೋಡಿ ಬರಿ’ ಅಂದರೆ ಮಗು ಏನು ಮಾಡಬೇಕು?

ಒತ್ತಕ್ಷರ: ಇಲ್ಲಿ ನಿಧಾನ ಮಾಡಿ

ಬೇರೆಲ್ಲ ಹಂತಕ್ಕಿಂತ ಇಲ್ಲಿ ಜಾಸ್ತಿ ದಿನ ಇಟ್ಟುಕೊಳ್ಳಿ. ಹಿಂದೆ ಬಿದ್ದ ಮಗು ಹಿಂದೆ ಬಿದ್ದದ್ದೇ ಇಲ್ಲಿ.

ಹಳ್ಳಿ ಅನ್ನುವ ಪದವನ್ನು ಅದು ಹೇಗೆ ಓದುತ್ತದೆ ಕೇಳಿ. ಹಳಿಳ ಅನ್ನುತ್ತದೆ. ಇದು ಅಜಾಗ್ರತೆಯ ತಪ್ಪಲ್ಲ. ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ. ಮೇಲಿನ ಳ ಮೇಲೆ ಗುಡಿಸು ಇದೆ, ಆದ್ದರಿಂದ ಅದು ಳಿ. ಕೆಳಗೆ ಇನ್ನೊಂದು ಳ ಇದೆ, ಅದು ಳ. ಲೆಕ್ಕ ಸರಿಯಾಗೇ ಇದೆ. ಆದರೆ ಕನ್ನಡದಲ್ಲಿ ಒತ್ತಕ್ಷರವನ್ನು ಓದುವ ಕ್ರಮ ಬೇರೆ. ಮೊದಲು ಮೇಲಿನ ಅಕ್ಷರದ ಅರ್ಧ ಸದ್ದು. ಆಮೇಲೆ ಕೆಳಗಿನ ಅಕ್ಷರ. ಮೇಲೆ ಕಾಣುವ ಗುಡಿಸು, ಕೊಂಬಿನ ಸದ್ದು ಕೊನೆಗೆ. ಈ ಒಂದು ಮಾತನ್ನು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಬರೀ ಬಾಯಲ್ಲಿ ಹೇಳಿದರೆ ಸಾಲದು. ಆಡಿಸಿ ತೋರಿಸಿ. ಒಬ್ಬ ಮಗು ನಿಂತುಕೊಳ್ಳಲಿ, ಕೈಯಲ್ಲಿ ಳ ಬರೆದ ಸ್ಲೇಟು. ಇನ್ನೊಬ್ಬ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂರಲಿ, ಅವನ ಕೈಯಲ್ಲೂ ಳ. ಮೂರನೆಯವಳು ಪಕ್ಕದಲ್ಲಿ ನಿಂತು, ನಿಂತವನ ತಲೆಯ ಮೇಲೆ ಗುಡಿಸಿನ ಚೀಟಿ ಹಿಡಿಯಲಿ. ಈಗ ಸದ್ದು ಮಾಡಬೇಕು. ನಿಂತವನು ‘ಳ್’ ಅನ್ನಲಿ. ಕೂತವನು ‘ಳ್’ ಅನ್ನಲಿ. ಗುಡಿಸಿನವಳು ಕೊನೆಗೆ ‘ಇ’ ಅನ್ನಲಿ. ಮೂರು ಸದ್ದು ಬೇಗ ಬೇಗ ಸೇರಿಸಿದರೆ ‘ಳ್ಳಿ’. ಹಳ್ಳಿ, ಬಳ್ಳಿ, ಮಳವಳ್ಳಿ. ಅಕ್ಷರ ಬದಲಾಯಿಸಿ ಗದ್ದೆ, ಕಬ್ಬು, ಮುದ್ದೆ ಮಾಡಿಸಿ. ಒಂದು ವಾರ ಇದನ್ನೇ ಆಡಿಸಿದರೂ ಮಕ್ಕಳಿಗೆ ಸಾಕು ಅನ್ನಿಸುವುದಿಲ್ಲ.

ಸಜಾತಿ ಒತ್ತಿಗೆ ಪದ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಮಂಡ್ಯದ ಹಳ್ಳಿಯ ತುಂಬ ಅದೇ ಇದೆ. ಅಪ್ಪ, ಅಮ್ಮ, ಅಕ್ಕ, ಅಜ್ಜಿ. ಕಬ್ಬು, ಬೆಲ್ಲ, ಗದ್ದೆ, ಎತ್ತು, ಹುಲ್ಲು, ಹಗ್ಗ. ಮುದ್ದೆ, ಅನ್ನ, ರೊಟ್ಟಿ. ಮಗು ಕಬ್ಬು ಮುರಿದು ತಿಂದಿದೆ. ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕಿದೆ. ಆ ಪದಗಳನ್ನು ಓದಲು ಅದಕ್ಕೆ ಮನಸ್ಸಿರುತ್ತದೆ.

ಒತ್ತು ಇದ್ದರೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಜೋಡಿ ಪದಗಳಲ್ಲಿ ತೋರಿಸಿ. ಬಳಿ, ಬಳ್ಳಿ. ಹಳಿ, ಹಳ್ಳಿ. ಕತೆ, ಕತ್ತೆ. ‘ಅಜ್ಜಿ ಕತೆ ಹೇಳಿದಳು’ ಅನ್ನುವುದನ್ನು ‘ಅಜ್ಜಿ ಕತ್ತೆ ಹೇಳಿದಳು’ ಅಂತ ಓದಿದರೆ ಇಡೀ ಕ್ಲಾಸು ನಗುತ್ತದೆ, ಓದಿದ ಮಗುವೂ ನಗುತ್ತದೆ. ಆ ನಗುವಿನಿಂದ ಯಾರಿಗೂ ನೋವಿಲ್ಲ.

ಇನ್ನೊಂದು ತೊಡಕು. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಹಾಗೇ ಕಾಣುತ್ತವೆ, ತಲಕಟ್ಟು ಮಾತ್ರ ಇರುವುದಿಲ್ಲ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಬೇರೆ ಆಕಾರವೇ. ಎತ್ತು, ಅನ್ನ, ಅಮ್ಮ, ಮಂಡ್ಯ, ಚಂದ್ರ, ಬೆಲ್ಲ. ಈ ಆರು ಪದವನ್ನು ಆರು ಚೀಟಿಯಲ್ಲಿ ಬರೆದು, ಒತ್ತನ್ನು ಕೆಂಪು ಬಣ್ಣದಲ್ಲಿ ತೋರಿಸಿ, ಮಗುವಿನ ನೋಟ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿ. ಬೇಕಾದಾಗ ತಿರುಗಿಸಿ ನೋಡಿಕೊಳ್ಳಲಿ. ಎರಡು ತಿಂಗಳಲ್ಲಿ ನೋಡುವುದನ್ನು ತಾನೇ ಬಿಡುತ್ತದೆ.

ವಿಜಾತಿ ಒತ್ತು ಇದರ ನಂತರ ಸುಲಭ. ಆಟ ಅದೇ, ಸ್ಲೇಟು ಮಾತ್ರ ಬೇರೆ. ಜಾತ್ರೆ, ರಾತ್ರಿ, ಪುಸ್ತಕ ಆದ ಮೇಲೆ ಟ್ರ್ಯಾಕ್ಟರ್ ಕೊಡಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡಿದ ಮಕ್ಕಳು ಆ ಕಷ್ಟದ ಪದವನ್ನು ಬಿಡದೆ ಕಲಿಯುತ್ತಾರೆ. ಅರ್ಕಾವತ್ತಿಗೆ ಒಂದು ದಿನ ಬೇರೆ ಇಡಿ. ಸೂರ್ಯ, ಕರ್ನಾಟಕ. ಗುರುತು ಕೊನೆಗೆ ಬರೆದರೂ ಅದರ ಸದ್ದು ಮೊದಲು ಬರುತ್ತದೆ ಅಂತ ಹೇಳಿಕೊಡಿ.

ಹಾಲು ‘ಆಲು’ ಆದರೆ

ಮಗು ಹಾಲು ಅನ್ನುವುದನ್ನು ಆಲು ಅಂತ ಓದಿದರೆ ಅದು ಓದಿನ ತಪ್ಪಾ? ಅಲ್ಲ. ಅದು ಸರಿಯಾಗಿ ಓದಿ, ಮನೆಯ ಉಚ್ಚಾರಣೆಯಲ್ಲಿ ಹೇಳಿದೆ. ಓದುತ್ತಿರುವಾಗ ತಡೆದು ತಿದ್ದಬೇಡಿ. ತಡೆದರೆ ಅದು ಓದುವುದನ್ನೇ ನಿಲ್ಲಿಸುತ್ತದೆ.

ಆದರೆ ಬರೆಯುವಾಗ ಹ ಬೇಕೇ ಬೇಕು. ಅದಕ್ಕೆ ಬೇರೆ ಹೊತ್ತಿನಲ್ಲಿ ಆಟ ಆಡಿಸಿ. ಹೇಳು, ಏಳು. ಹಾರು, ಆರು. ಹಾಡು, ಆಡು. ಹುಳಿ, ಉಳಿ. ನೀವು ಒಂದು ಪದ ಹೇಳಿ, ಮಗು ಸರಿಯಾದ ಚೀಟಿ ಎತ್ತಬೇಕು. ‘ಹಾರು’ ಅಂದರೆ ಹಕ್ಕಿ, ‘ಆರು’ ಅಂದರೆ ಬೆರಳಿನಲ್ಲಿ ಆರು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹ ಅನ್ನಲು ಹೇಳಿ, ಬಿಸಿ ಗಾಳಿ ತಾಗುತ್ತದೆ. ಅ ಅಂದರೆ ಅಷ್ಟು ತಾಗುವುದಿಲ್ಲ. ಎತ್ತು ಅನ್ನುವುದನ್ನು ಯತ್ತು ಅಂತ, ಒಂದು ಅನ್ನುವುದನ್ನು ವಂದು ಅಂತ ಬರೆಯುವ ಮಕ್ಕಳಿಗೂ ಹೀಗೇ. ಅವರು ಕೇಳಿದ್ದನ್ನು ಬರೆದಿದ್ದಾರೆ, ಕಿವಿ ಚುರುಕಾಗಿದೆ ಅಂತ ಅರ್ಥ.

ಸಮಯ ಎಲ್ಲಿಂದ ತರೋದು

ಇಬ್ಬರು ಟೀಚರ್, ಐದು ಕ್ಲಾಸು. ಈ ಕಷ್ಟ ನನಗೆ ಗೊತ್ತು. ನನಗೆ ಅನುಕೂಲ ಆಗಿರುವುದು ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆ. ಉಳಿದವರಿಗೆ ಲೆಕ್ಕವೋ ಚಿತ್ರವೋ ಕೊಟ್ಟು, ಮೂರು ನಾಲ್ಕು ಮಕ್ಕಳನ್ನು ಕರೆದು ನೆಲದ ಮೇಲೆ ಒಟ್ಟಿಗೆ ಕೂರುತ್ತೇನೆ. ಹತ್ತು ನಿಮಿಷ ಹಿಂದಿನ ದಿನದ್ದು, ಹತ್ತು ನಿಮಿಷ ಹೊಸದು, ಹತ್ತು ನಿಮಿಷ ಅವರ ಮಾತಿನ ಹಾಳೆ. ಶನಿವಾರ ಹೊಸದು ಏನೂ ಇಲ್ಲ, ಓದಿದ್ದನ್ನೇ ಮತ್ತೆ ಓದುವುದು.

ಜೊತೆಗೆ ಒಬ್ಬ ಗೆಳೆಯನನ್ನು ಕೂರಿಸಿ. ಕ್ಲಾಸಿಗೇ ಮೊದಲು ಬರುವ ಮಗುವನ್ನು ಕೂರಿಸಬೇಡಿ. ಅದಕ್ಕೆ ಆತುರ, ತಾನೇ ಹೇಳಿಬಿಡುತ್ತದೆ. ಒಂದೇ ಮೆಟ್ಟಿಲು ಮುಂದೆ ಇರುವ ಮಗು ಒಳ್ಳೆಯದು. ಅದಕ್ಕೆ ಆ ಕಷ್ಟ ಇನ್ನೂ ನೆನಪಿರುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮಗುವಿಗೊಂದು ಪುಟ. ‘ಸೋಮವಾರ: ಏತ್ವ ಬಂತು. ಪು ತೋರಿಸಿದರೆ ಪ ಅಂತಾನೆ.’ ಇಷ್ಟು ಸಾಕು. ಅಂಕ ಬೇಡ. ಮುಂದಿನ ದಿನ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾದರೆ ಆಯ್ತು.

ಮನೆಯವರಿಗೆ ಒಂದು ಕೆಲಸ

‘ನಮಗೇ ಓದಕ್ಕೆ ಬರಲ್ಲ ಮೇಡಂ, ನಾವೇನು ಹೇಳ್ಕೊಡೋದು’ ಅಂತ ಅಮ್ಮಂದಿರು ಹೇಳುತ್ತಾರೆ. ಹೇಳಿಕೊಡುವುದು ಬೇಡವ್ವ, ಕೇಳಿಸಿಕೊಳ್ಳಿ ಸಾಕು ಅಂತ ನಾನು ಹೇಳುತ್ತೇನೆ. ಮುದ್ದೆ ತಿರುಗಿಸುವಾಗ ಮಗು ಪಕ್ಕದಲ್ಲಿ ಕೂತು ತನ್ನ ಮಾತಿನ ಹಾಳೆ ಓದಲಿ. ಅದು ಅವರದೇ ಮನೆಯ ಕತೆ. ತಪ್ಪು ಓದಿದರೆ ಅಮ್ಮನಿಗೆ ಗೊತ್ತಾಗುತ್ತದೆ. ಮನೆಗೆ ಬಂದ ಕಾಳಿನ ಚೀಲ, ಎಣ್ಣೆ ಪ್ಯಾಕೆಟ್ಟು, ಮದುವೆ ಕಾರ್ಡು, ಬಸ್ಸಿನ ಬೋರ್ಡು ಎಲ್ಲವೂ ಓದುವ ಪುಸ್ತಕವೇ.

ಬಸ್ಸಿನ ಬೋರ್ಡಿನ ವಿಷಯದಲ್ಲಿ ಒಂದು ಮಾತು. ಕೃಷ್ಣರಾಜಪೇಟೆ ಬಸ್ಸಿಗೆ ಕೆ.ಆರ್.ಪೇಟೆ ಅಂತ ಚಿಕ್ಕದಾಗಿ ಬರೆದಿರುತ್ತಾರೆ. ಎರಡೂ ಒಂದೇ ಅಂತ ಮೊದಲೇ ಹೇಳಿಡಿ. ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಕಲಿತ ಹೆಸರು ಬಸ್ ಸ್ಟ್ಯಾಂಡಿನಲ್ಲಿ ಕಾಣಲಿಲ್ಲ ಅಂತ ಮಗುವಿಗೆ ಬೇಜಾರಾಗುತ್ತದೆ.

ಆದರೂ ಬಾರದಿದ್ದರೆ

ಎಂಟು ಹತ್ತು ವಾರ ದಿನಾ ಕೂರಿಸಿಯೂ ಅಕ್ಷರವೇ ನಿಲ್ಲದಿದ್ದರೆ ಮೊದಲು ಕಣ್ಣು ನೋಡಿಸಿ, ಆಮೇಲೆ ಕಿವಿ. ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುತ್ತದಾ? ಹಿಂದಿನಿಂದ ಹೆಸರು ಕರೆದರೆ ತಿರುಗುತ್ತದಾ? ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ತಂಡಕ್ಕೆ ಆ ಮಗುವನ್ನು ತಪ್ಪದೆ ತೋರಿಸಿ. ಎರಡೂ ಸರಿಯಿದ್ದು, ಮಾತು ಬುದ್ಧಿ ಎಲ್ಲ ಚೆನ್ನಾಗಿದ್ದು, ಅಕ್ಷರ ಮಾತ್ರ ಜಾರಿಹೋಗುತ್ತಿದ್ದರೆ ಅದು ಕಲಿಕೆಯ ನ್ಯೂನತೆ ಇರಬಹುದು. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ಅವರನ್ನು ಕೇಳಿ. ಹೊಡೆಯುವುದು, ಬೈಯುವುದು, ನೂರು ಸಲ ಬರೆಸುವುದು ಯಾವುದರಿಂದಲೂ ಅದು ಸರಿಹೋಗುವುದಿಲ್ಲ.

ಓದು ಬಂದ ಮೇಲೆ

ಏಳನೇ ಊರು ತಲುಪಿದ ಮಗುವಿಗೆ ಕೂಡಲೇ ಒಂದು ನಿಜವಾದ ಕೆಲಸ ಕೊಡಿ. ಮಳೆಗಾಲದಲ್ಲಿ ನಾನು ಕೊಡುವುದು ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ ಓದುವ ಕೆಲಸ. ಪೇಪರಿನಲ್ಲಿ ಅದು ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾಲ್ಕೇ ಸಾಲು. ಆದರೆ ಗರಿಷ್ಠದಲ್ಲಿ ವಿಜಾತಿ ಒತ್ತಿದೆ, ಮಟ್ಟದಲ್ಲಿ ಸಜಾತಿ ಒತ್ತಿದೆ, ಹರಿವಿನಲ್ಲಿ ಹಕಾರ ಇದೆ. ನೀರು ಬಿಡುತ್ತಾರಾ ಇಲ್ಲವಾ ಅಂತ ನಮ್ಮ ಜಿಲ್ಲೆಯ ಪ್ರತಿ ಮನೆಗೂ ಬೇಕಾದ ಸುದ್ದಿ ಅದು.

ಮಗು ಹತ್ತು ನಿಮಿಷ ಮುಂಚೆ ಶಾಲೆಗೆ ಬರಲಿ. ಒಂದು ಸಲ ನಿಮ್ಮ ಮುಂದೆ ಮೆಲ್ಲಗೆ ಓದಿಕೊಳ್ಳಲಿ. ಆಮೇಲೆ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು ಓದಲಿ. ಐದನೇ ಕ್ಲಾಸಿನವರು 124.80ರಲ್ಲಿ ಆ ದಿನದ ಮಟ್ಟವನ್ನು ಕಳೆದು, ಅಣೆಕಟ್ಟೆ ತುಂಬಲು ಇನ್ನೆಷ್ಟು ಅಡಿ ಬೇಕು ಅಂತ ಬೋರ್ಡಿನ ಮೇಲೆ ಬರೆಯಲಿ.